ಸಾಲಾವಳಿ ಕೂಡದ ಕಾರ್ಡು

ಒಂದು ಉದ್ದ ಬೀಪು, ಎರಡು ಗಿಡ್ಡ ಬೀಪು. ಅಷ್ಟೇ. ಆಮೇಲೆ ಪರದೆ ಕರ್ರಗೆ. ಒಳಗಿನ ಫ್ಯಾನು ಮಾತ್ರ ತನಗೇನೂ ಗೊತ್ತೇ ಇಲ್ಲ ಅನ್ನೋ ಹಾಗೆ ಗಿರಗಿರ ತಿರುಗ್ತಾ ಇತ್ತು.

ದಸರಾ ಮುಗಿಸಿ ಕುಂಸಿಯ ತವರುಮನೆಯಿಂದ ಬಂದವಳು ಬಟ್ಟೆ ಕೂಡ ಬದಲಾಯಿಸದೆ ಕಂಪ್ಯೂಟರ್ ಆನ್ ಮಾಡಿದ್ದೆ. ಭಾನುವಾರ ಭದ್ರಾವತಿಯಲ್ಲಿ ಒಂದು ರಿಸೆಪ್ಷನ್. ಅಲ್ಲಿ ದೊಡ್ಡ ಪರದೆ ಮೇಲೆ ಹಾಕಬೇಕಾದ ಹುಡುಗ ಹುಡುಗಿಯ ವಿಡಿಯೋ ನನ್ನ ಹತ್ತಿರ ಅರ್ಧ ಆಗಿ ಕೂತಿದೆ. ಇವತ್ತು ಬುಧವಾರ. ಆಫ್ ಮಾಡಿದೆ, ಆನ್ ಮಾಡಿದೆ. ಮತ್ತೆ ಅದೇ ಬೀಪು. ನನಗೆ ಮೈಯೆಲ್ಲ ಉರಿದುಹೋಯ್ತು.

"ಆಫ್ ಮಾಡಿ ಆನ್ ಮಾಡಿ ನೋಡು," ಅಂದ್ರು ನನ್ನ ಗಂಡ ಸುದೀಪ್, ಹಾಲ್‌ನಲ್ಲಿ ಪೇಪರ್ ಓದ್ತಾ.

"ಆಹಾ! ನಂಗೆ ಹೊಳೆದೇ ಇರಲಿಲ್ಲ ನೋಡಿ," ಅಂದೆ.

ನಾನು ಮಾಡೋ ಕೆಲಸ ಇಷ್ಟು. ರವೀಂದ್ರನಗರದ ನಮ್ಮ ಮನೆಯ ಹಿಂದಿನ ರೂಮಲ್ಲಿ ಕೂತು ಮದುವೆ ವಿಡಿಯೋ ಎಡಿಟ್ ಮಾಡ್ತೀನಿ. ದುರ್ಗಿಗುಡಿಯಲ್ಲಿ ಸ್ಟುಡಿಯೋ ಇಟ್ಟಿರೋ ಸತೀಶಣ್ಣ ಶೂಟ್ ಮಾಡಿ ತಂದು ಕೊಡ್ತಾರೆ. ಹುಡುಗಿ ಹತ್ತು ಸಲ ತಿರುಗಿ ನಕ್ಕಿದ್ರೆ ಅದರಲ್ಲಿ ಚೆನ್ನಾಗಿರೋ ಒಂದನ್ನ ಹೆಕ್ಕೋದು, ಚಿಕ್ಕಪ್ಪ ಬಾಯಿ ತುಂಬ ಹೋಳಿಗೆ ತುಂಬ್ಕೊಂಡಿರೋದನ್ನ ತೆಗೆದುಹಾಕೋದು, ಮಂಟಪದ ಕೆಂಪು ಲೈಟಿಗೆ ಟೊಮೇಟೊ ಆಗಿರೋ ಮುಖಗಳನ್ನ ಮನುಷ್ಯರ ಬಣ್ಣಕ್ಕೆ ತರೋದು. ಆರು ವರ್ಷದಿಂದ ಮಾಡ್ತಿದ್ದೀನಿ. ಶಿವಮೊಗ್ಗದಲ್ಲಿ ಎಷ್ಟು ಜನರ ಮದುವೆ ನಾನು ನೋಡಿದ್ದೀನೋ ಅಷ್ಟು ಅವರ ನೆಂಟರೂ ನೋಡಿಲ್ಲ.

ಆದ್ರೆ ನಮ್ಮ ಮಾವನ್ನ ಯಾರಾದ್ರೂ "ಸೊಸೆ ಏನು ಮಾಡ್ತಾರೆ?" ಅಂತ ಕೇಳಲಿ. ಉತ್ತರ ಒಂದೇ. "ಮನೇಲಿದ್ದಾಳೆ."

ಮಾವ ಭೈರಪ್ಪನವರು ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯೋ ಲೇತ್ ಮಿಷನ್ ಆಪರೇಟರ್ ಆಗಿದ್ದು ರಿಟೈರ್ ಆದವರು. ಅವರು ಮತ್ತು ಅತ್ತೆ ಅಲ್ಲೇ ಹಳೇ ಟೌನಿನ ಮನೇಲಿದ್ದಾರೆ, ಹಬ್ಬಕ್ಕೆ ನಮ್ಮ ಮನೆಗೆ ಬರ್ತಾರೆ. ಬಂದಾಗೆಲ್ಲ ಲೇತಿನ ಪುರಾಣ. "ಮಿಷನ್ ಓಡೋವಾಗ ಆಪರೇಟರನ್ನ ಯಾರೂ ಮಾತಾಡಿಸೋ ಹಾಗಿರಲಿಲ್ಲ ಕಣಮ್ಮ. ಮ್ಯಾನೇಜರ್ ಬಂದ್ರೂ ದೂರ ನಿಂತು ಕಾಯಬೇಕು. ಗಮನ ತಪ್ಪಿದ್ರೆ ಬೆರಳೇ ಹೋಗೋದು!" ಇಷ್ಟು ಹೇಳಿ, ನಾನು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ ವಾಲಗ ಕೂರಿಸ್ತಾ ಇರೋವಾಗ ಹಿಂದಿಂದ ಭುಜ ತಟ್ಟಿ ಕೇಳೋರೂ ಇವರೇ. "ಕಾಫಿ ಆಯ್ತೇನಮ್ಮ?"

ಈ ಸಲ ಹಬ್ಬಕ್ಕೆ ಬಂದಾಗ ಇನ್ನೊಂದು ಬಾಂಬ್ ಹಾಕಿದ್ರು. ನನ್ನ ನಾದಿನಿ ಅನುಷಾಗೆ ಶಿವಮೊಗ್ಗದಲ್ಲಿ ಬಿ.ಎಡ್. ಸೀಟು ಸಿಕ್ಕಿದೆ. "ಇಲ್ಲೇ ಇರ್ತಾಳೆ. ಹಿಂದಿನ ರೂಮು ಹೇಗೂ ಖಾಲಿ ಇದೆಯಲ್ಲ, ಅಲ್ಲಿಗೆ ಮಂಚ ಹಾಕಿಸೋಣ."

ಖಾಲಿ! ಆ ರೂಮಲ್ಲಿ ನಾನಿರ್ತೀನಲ್ಲ ಮಾವ ಅಂದ್ರೆ, "ಆ ಕಂಪ್ಯೂಟರ್ ಹಾಲ್‌ನಲ್ಲಿ ಟೀವಿ ಪಕ್ಕ ಇಟ್ಕೊಂಡ್ರಾಯ್ತು," ಅಂದ್ರು. ಟೀವಿ ಪಕ್ಕ! ಧಾರಾವಾಹಿ ಸೊಸೆ ಅಳ್ತಾ ಇರೋವಾಗ ನಾನು ಮಂಗಳವಾದ್ಯ ಮಿಕ್ಸ್ ಮಾಡಬೇಕು. ಸುದೀಪ್ ಕಡೆ ನೋಡಿದೆ. "ನೋಡೋಣ," ಅಂದ್ರು. ನಮ್ಮನೆಯವರು ನೋಡೋಣ ಅಂದ್ರೆ ಅಪ್ಪ ಹೇಳಿದ್ದೇ ಆಗುತ್ತೆ ಅಂತ ಅರ್ಥ. ಅನುಷಾ ಮೇಲೆ ನಂಗೇನೂ ಸಿಟ್ಟಿಲ್ಲ, ಪಾಪ, ಅವಳಾದ್ರೂ ಎಲ್ಲಿ ಓದಬೇಕು? ಆದ್ರೆ ರೂಮು ಹೋದ್ರೆ ಕೆಲಸ ಹೋಯ್ತು. ಅದು ನಂಗೆ ಗೊತ್ತಿತ್ತು, ಇವರ್ಯಾರಿಗೂ ಗೊತ್ತಿರಲಿಲ್ಲ.

ಆಗ ನಾನೇ ಹೇಳಿದೆ. "ಭಾನುವಾರ ಆಗಲಿ ಮಾವ. ನಿಮ್ಮ ಸ್ನೇಹಿತರು ಆರ್ಮುಗಂ ಅವರ ಮಗನ ರಿಸೆಪ್ಷನ್ ವಿಡಿಯೋ ನಾನೇ ಮಾಡ್ತಿರೋದು. ನಿಮ್ಮ ಕಾರ್ಖಾನೆಯವರೆಲ್ಲ ಬಂದಿರ್ತಾರೆ. ಪರದೆ ಮೇಲೆ ನೋಡಿ. ಆಮೇಲೆ ರೂಮಿನ ಮಾತು." ಮಾವ ಹೂಂ ಅಂದಿದ್ರು. ಹಾಗೆ ಎದೆ ತಟ್ಟಿ ಹೇಳಿ, ನನ್ನ ತಮ್ಮ ಹೊಸ ಟಿಲ್ಲರ್ ತಗೊಂಡಿದ್ದಾನೆ ಅಂತ ಆಯುಧಪೂಜೆ ದಿನ ಬೆಳಿಗ್ಗೆ ನನ್ನ ಕಂಪ್ಯೂಟರ್ ಡಬ್ಬಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಒಂದು ಚೆಂಡು ಹೂವು ಸಿಕ್ಕಿಸಿ, ಮನೆ ಅತ್ತೆ ಮಾವನಿಗೆ ಬಿಟ್ಟು ಕುಂಸಿಗೆ ಹೋಗಿದ್ದೆ. ವಾಪಸ್ ಬಂದು ನೋಡಿದ್ರೆ ಇದರ ಗತಿ ಹೀಗೆ.

ಉದ್ದ ಬೀಪು ಅಂದ್ರೆ ಗ್ರಾಫಿಕ್ಸ್ ಕಾರ್ಡಿನ ತೊಂದರೆ. ಅಷ್ಟು ನಂಗೂ ಗೊತ್ತು. ಪರದೆಗೆ ಚಿತ್ರ ಕಳಿಸೋದೇ ಆ ಕಾರ್ಡು. ನನ್ನ ಪ್ರೊಸೆಸರ್‌ಗೆ ಸ್ವಂತವಾಗಿ ಚಿತ್ರ ತೋರಿಸೋ ಯೋಗ್ಯತೆ ಇಲ್ಲ, ಆದ್ದರಿಂದ ಕಾರ್ಡು ಮುನಿಸಿಕೊಂಡ್ರೆ ಎಲ್ಲಾ ಕತ್ತಲೆ. ಡಬ್ಬೀನ ಸ್ಕೂಟಿಯಲ್ಲಿ ಕಾಲ ಹತ್ತಿರ ಇಟ್ಕೊಂಡು, ರಸ್ತೆಯ ಪ್ರತಿ ಹಂಪ್‌ಗೂ ದೇವರ ಹೆಸರು ಹೇಳ್ತಾ, ನೆಹರೂ ರೋಡಿನ ನವೀನನ ಅಂಗಡಿಗೆ ಹೋದೆ.

ನವೀನ ಮಾಳಿಗೆ ಮೇಲೆ ಕಂಪ್ಯೂಟರ್ ರಿಪೇರಿ ಮಾಡ್ತಾನೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಡಬ್ಬಿ ಮೇಲಿನ ಕುಂಕುಮ ನೋಡಿ ನಕ್ಕ. "ಹಬ್ಬ ಆದ ವಾರ ಬರೋ ಸಿಸ್ಟಮ್ಮೆಲ್ಲ ಮುತ್ತೈದೆಯರೇ ಅಕ್ಕ." ಪಕ್ಕದಲ್ಲಿ ನಿಜಕ್ಕೂ ಇನ್ನೂ ನಾಲ್ಕೈದು ಡಬ್ಬಿ ಅರಿಶಿನ ಕುಂಕುಮ ಬಳ್ಕೊಂಡು ಕೂತಿದ್ವು. ಒಂದರ ಮೇಲೆ ನಿಂಬೆಹಣ್ಣಿನ ಹೋಳೂ ಇತ್ತು.

ಬಿಚ್ಚಿದ. ಬ್ಲೋಯರ್ ಹಿಡಿದು ಧೂಳು ಊದಿದ. ಕಾರ್ಡು ಕಿತ್ತು, ಅದರ ಹಳದಿ ಹಲ್ಲುಗಳನ್ನ ಸ್ಕೂಲ್ ಮಕ್ಕಳ ರಬ್ಬರಿನಿಂದ ಪರಪರ ಉಜ್ಜಿದ, ಉಜ್ಜೋವಾಗ ಕಣ್ಣು ಮೊಬೈಲ್ ಮೇಲೆ. ಮತ್ತೆ ಹಾಕಿದ. ಬೀಪು.

"ಎಸ್‌ಎಂಪಿಎಸ್ ಹೋಗಿದೆ ಅಕ್ಕ," ಅಂದ. ಅಂದ್ರೆ ಒಳಗೆ ಕರೆಂಟ್ ಹಂಚೋ ಡಬ್ಬಿ. "ಕಾರ್ಡಿಗೆ ಪವರ್ ಸಾಲ್ತಿಲ್ಲ." ಸರಿ, ಹೊಸದು ಹಾಕಿಸಿದೆ. ಬೀಪು.

"ಹಾಗಾದ್ರೆ ಕಾರ್ಡೇ ಹೋಗಿದೆ."

"ಮೊದಲೇ ಹಾಗನ್ನಬಾರದಿತ್ತಾ ಮಾರಾಯ?"

"ಒಂದೊಂದೇ ನೋಡ್ಬೇಕಲ್ಲ ಅಕ್ಕ," ಅಂದು ಹೊಸ ಕಾರ್ಡು ತಂದ. ಮೂರು ಫ್ಯಾನಿನ ಕಾರ್ಡು, ನನ್ನ ಮೊಣಕೈಯಷ್ಟು ಉದ್ದ. ಡಬ್ಬಿಗೆ ಹಿಡಿಸಲಿಲ್ಲ. ಹಾರ್ಡ್ ಡಿಸ್ಕ್ ಇಡೋ ತಗಡಿನ ಗೂಡಿಗೆ ಮೂತಿ ಹೋಗಿ ಗುದ್ದಿಕೊಂಡು ನಿಂತಿತು. ನವೀನ ತಗಡು ಕತ್ತರಿಸೋ ಕತ್ತರಿ ಎತ್ತಿಕೊಂಡ.

"ಕೈ ತೆಗಿ! ಅದರಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ ಇದೆ!" ಅಂತ ಕಿರುಚಿದೆ. ಕೆಳಗಿನ ಬಟ್ಟೆ ಅಂಗಡಿಯವರು ಮೇಲೆ ನೋಡಿದ್ರು.

ಆಮೇಲೆ ಗೂಡನ್ನೇ ಬಿಚ್ಚಿ, ಹಾರ್ಡ್ ಡಿಸ್ಕನ್ನ ಪಕ್ಕಕ್ಕೆ ಸರಿಸಿ ಕಾರ್ಡು ಕೂರಿಸಿದ. ಕೂತಿತು. ಕರೆಂಟಿನ ವೈರು ಚುಚ್ಚೋಕೆ ಹೋದ, ಕಾರ್ಡಿಗೆ ಎಂಟು ತೂತು, ವೈರಿಗೆ ಆರು ಕಡ್ಡಿ. ಆ ವೈರು ಇರೋದು ಯಾವುದರಲ್ಲಿ? ಆಗಷ್ಟೇ ಇವನೇ ಹಾಕಿದ ಹೊಸ ಎಸ್‌ಎಂಪಿಎಸ್‌ನಲ್ಲಿ! ಇವನೇ ಕೊಟ್ಟ ಡಬ್ಬಿಗೂ ಇವನೇ ಕೊಟ್ಟ ಕಾರ್ಡಿಗೂ ಹೊಂದಿಕೆ ಇಲ್ಲ. ಒಂದೇ ಅಂಗಡಿ, ಒಂದೇ ಮಧ್ಯಾಹ್ನ. ನಂಗೆ ತಲೆ ಕೆಟ್ಟು ಚಿತ್ರಾನ್ನ ಆಯ್ತು.

ಆ ಉದ್ದ ಕಾರ್ಡು ವಾಪಸ್ ಹೋಯ್ತು. ಗಿಡ್ಡದ್ದು ಬಂತು. ಹಿಡಿಸಿತು, ವೈರೂ ಸರಿಹೋಯ್ತು. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಉದ್ದ, ಎರಡು ಗಿಡ್ಡ.

"ಹಾಗಾದ್ರೆ..." ಅಂದ ನವೀನ.

"ಹಾಗಾದ್ರೆ ಅನ್ನಬೇಡ."

"...ಬೋರ್ಡೇ ಹೋಗಿದೆ ಅಕ್ಕ. ಮದರ್‌ಬೋರ್ಡು. ಇದು ಈಗ ಬರಲ್ಲ. ಹೊಸ ಬೋರ್ಡಿಗೆ ನಿಮ್ಮ ಪ್ರೊಸೆಸರ್ ಕೂರಲ್ಲ, ಅದನ್ನೂ ಬದಲಾಯಿಸಬೇಕು. ಅದಕ್ಕೆ ಈ ರ‍್ಯಾಮ್ ಆಗಲ್ಲ. ಒಟ್ಟಿಗೆ ಹೊಸ ಸಿಸ್ಟಮ್ಮೇ ತಗೊಂಡುಬಿಡಿ."

ಗಂಡು ಹೆಣ್ಣಿನ ಸಾಲಾವಳಿ ನೋಡೋವಾಗಲೂ ಇಷ್ಟು ತಕರಾರು ಇರಲ್ಲ ಸ್ವಾಮಿ. ಅಲ್ಲಿ ಒಂದೆರಡು ಗ್ರಹ ಒಪ್ಪದೇ ಇದ್ರೂ ಶಾಂತಿ ಗೀಂತಿ ಮಾಡಿಸಿ ಮುಗಿಸ್ತಾರೆ. ಇಲ್ಲಿ ಒಂದಕ್ಕೊಂದು ಮುಖ ತಿರುಗಿಸಿ ಕೂತಿವೆ. ಕೊನೆಗೆ ನನ್ನದು ಅಂತ ಉಳಿಯೋದು ಕುಂಕುಮ ಹಚ್ಚಿದ ಹೊರಗಿನ ತಗಡು ಮಾತ್ರ. ಹಳೇ ಕಾರ್ಡು, ಹಳೇ ಬೋರ್ಡು ಎಲ್ಲಾ ಹಾಗೇ ವಾಪಸ್ ಕೊಡು ಅಂದೆ. ನವೀನ ಹೊಸ ಕಾರ್ಡಿನ ಬೆಳ್ಳಿ ಬಣ್ಣದ ಕವರಿಗೆ ಹಳೇ ಕಾರ್ಡು ಹಾಕಿ ಕೈಗೆ ಕೊಟ್ಟ.

ಡಬ್ಬಿ ಹೊತ್ತು ಮನೆಗೆ ಬಂದು ಅನ್ನಕ್ಕಿಟ್ಟೆ. ಸತೀಶಣ್ಣನ ಫೋನು. "ಆಯ್ತೇನಮ್ಮ? ಆರ್ಮುಗಂ ಸರ್ ಕೇಳ್ತಿದ್ರು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡು, ಆಲ್ಕೊಳದಲ್ಲಿ ಬೇರೆ ಹುಡುಗ ಒಬ್ಬ ಇದ್ದಾನೆ."

"ಆಗುತ್ತೆ ಸತೀಶಣ್ಣ," ಅಂದೆ. ಎಲ್ಲಿಂದ ಆಗುತ್ತೋ ದೇವರೇ ಬಲ್ಲ.

ಸುದೀಪ್ ಊಟಕ್ಕೆ ಕೂತು ಮೆಲ್ಲಗೆ ಶುರು ಮಾಡಿದ್ರು. "ಹೋಗಲಿ ಬಿಡೇ. ಹೇಗೂ ರೂಮು ಅನುಷಾಗೆ..."

"ಪೂರ್ತಿ ಹೇಳಿ ನೋಡೋಣ," ಅಂದೆ, ಸಾರಿನ ಸೌಟು ಹಿಡಿದು. ಅವರು ತಟ್ಟೆ ಮುಂದಕ್ಕೆ ಚಾಚಿದ್ರು.

ಅಡುಗೆಮನೆ ಒರೆಸ್ತಾ ಒಂದು ವಿಷಯ ಹೊಳೀತು. ನವೀನ ನನ್ನ ಹಳೇ ಕಾರ್ಡನ್ನ ಬೇರೆ ಕಂಪ್ಯೂಟರಿಗೆ ಹಾಕಿ ನೋಡಲೇ ಇಲ್ಲ. ಹೋಗಿದೆ ಅಂದ, ಮುಗೀತು. ಭದ್ರಾವತಿಯ ರಂಗಪ್ಪ ಸರ್ಕಲ್ ಹತ್ತಿರ ನನ್ನ ಕಾಲೇಜು ಗೆಳತಿ ವೀಣಾ ಫ್ಲೆಕ್ಸ್ ಡಿಸೈನ್ ಅಂಗಡಿ ಇಟ್ಟಿದ್ದಾಳೆ. ಅವಳದ್ದೂ ನನ್ನ ಥರದ್ದೇ ಸಿಸ್ಟಮ್ಮು, ಇಬ್ಬರೂ ಒಟ್ಟಿಗೆ ತಗೊಂಡಿದ್ದು. ಮಾರನೇ ದಿನ ಬೆಳಿಗ್ಗೆ ಕಾರ್ಡನ್ನ ಮಡಿಲಲ್ಲಿಟ್ಕೊಂಡು ಬಸ್ಸು ಹತ್ತಿದೆ.

ವೀಣಾ ರಾಜ್ಯೋತ್ಸವದ ಫ್ಲೆಕ್ಸುಗಳ ಮಧ್ಯೆ ಮುಳುಗಿದ್ಲು. "ಐದು ನಿಮಿಷ ಕೊಡ್ತೀನಿ ಮಾರಾಯ್ತಿ, ಅದಕ್ಕಿಂತ ಜಾಸ್ತಿ ಕೇಳಬೇಡ," ಅಂದ್ಲು. ಅವಳ ಕಾರ್ಡು ತೆಗೆದು ನನ್ನದು ಹಾಕಿದೆವು.

ಬಂತು! ಪರದೆ ತುಂಬ ಕೆಂಪು ಹಳದಿ ಬಾವುಟ, ಭುವನೇಶ್ವರಿ, ಯಾರೋ ಮೀಸೆಯ ಅಧ್ಯಕ್ಷರು. ನಂಗೆ ಕುಣಿಯಬೇಕು ಅನ್ನಿಸ್ತು. ಮರುಕ್ಷಣಕ್ಕೆ ನವೀನನ ಕುತ್ತಿಗೆ ಹಿಸುಕಬೇಕು ಅನ್ನಿಸ್ತು.

"ಕಾರ್ಡು ಗಟ್ಟಿಮುಟ್ಟಾಗಿದೆ," ಅಂದ್ಲು ವೀಣಾ. "ಅಲ್ಲಿ ಹೊಸ ಕಾರ್ಡೂ ಬರಲಿಲ್ಲ ಅಂತೀಯ. ಹಾಗಿದ್ರೆ ಬೋರ್ಡಲ್ಲಿ ಕಾರ್ಡು ಕೂರೋ ಸ್ಲಾಟು ಇದೆಯಲ್ಲ, ಅದನ್ನ ನೋಡು. ಏನಾದ್ರೂ ಸಿಕ್ಕಿಹಾಕ್ಕೊಂಡಿರಬೇಕು."

"ಅದರೊಳಗೆ ಏನು ಹೋಗುತ್ತೆ ಮಣ್ಣು? ಮುಚ್ಚಿದ ಡಬ್ಬಿ. ನಾನು ಬಿಟ್ರೆ ಯಾರೂ ಮುಟ್ಟಲ್ಲ."

ಭದ್ರಾವತಿಗೆ ಬಂದು ಅತ್ತೆ ಮನೆಗೆ ಹೋಗದೆ ವಾಪಸ್ ಹೋದ್ರೆ ಅದೇ ಒಂದು ವರ್ಷದ ಮಾತಾಗುತ್ತೆ. ಹೋದೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ರು. ಮಾವ ಜಗಲಿ ಮೇಲೆ ಕೂತು ಕುಕ್ಕರಿನ ಹಿಡಿಗೆ ಸ್ಕ್ರೂ ತಿರುಗಿಸ್ತಿದ್ರು. ನೀರು ಕುಡಿದು, ಕಾರ್ಡನ್ನ ಕವರಿನಿಂದ ತೆಗೆದು ಪಕ್ಕಕ್ಕಿಟ್ಟೆ.

ಮಾವ ಅದನ್ನ ನೋಡಿ ಕನ್ನಡಕ ಸರಿಮಾಡ್ಕೊಂಡ್ರು. "ಇದನ್ನ ಯಾಕೆ ಕಿತ್ತೆ? ನಾನು ಸರಿಯಾಗೇ ಕೂರಿಸಿದ್ನಲ್ಲ. ಟಕ್ ಅಂತ ಸದ್ದು ಬಂತು."

ಲೋಟ ಕೆಳಗಿಟ್ಟೆ.

"ನೀವು... ಕೂರಿಸಿದ್ರಾ?"

"ಹೂಂ. ಆಯುಧಪೂಜೆ ದಿನ. ನೀನು ಮೇಲಿನ ತಗಡಿಗೆ ಒಂದು ಬೊಟ್ಟು ಇಟ್ಟು ಹೋಗಿದ್ದೆ. ತಗಡಿಗೆ ಇಟ್ರೆ ಏನು ಬಂತಮ್ಮ? ತಗಡು ದುಡಿಯುತ್ತಾ?" ಮಾವ ಸ್ಕ್ರೂಡ್ರೈವರ್ ಕೆಳಗಿಟ್ಟು ನಂಗೆ ಪಾಠ ಹೇಳೋ ಹಾಗೆ ಕೂತ್ರು. "ಕಾರ್ಖಾನೇಲಿ ನಾವು ಲೇತಿನ ಮೈಗೆ ಹಚ್ತಾನೇ ಇರಲಿಲ್ಲ. ಎಲ್ಲಾ ಬಿಚ್ಚಿ, ಒರೆಸಿ, ಚಕ್ಕಿನ ಬಾಯಿಗೆ ಗಂಧ ಕುಂಕುಮ ಇಡ್ತಿದ್ವಿ. ಕೆಲಸ ಹಿಡ್ಕೊಳ್ಳೋ ಜಾಗಕ್ಕೇ ಪೂಜೆ. ಬಿಚ್ಚಿ ನೋಡಿದೆ. ಇದರಲ್ಲಿ ದೊಡ್ಡದು ಇದೇ ಇತ್ತು. ಒಂದು ಕೊಕ್ಕೆ ಇತ್ತು, ಒತ್ತಿದೆ, ಬಿಟ್ಕೊಂಡಿತು. ಅದು ಕೂರೋ ಸಂದಿ ಇತ್ತಲ್ಲ ಕಪ್ಪಗೆ ಉದ್ದಕ್ಕೆ, ಅದರ ಬಾಯಿಗೆ ಚೆನ್ನಾಗಿ ಗಂಧ ತೇಯ್ದು ಹಾಕಿ, ಕುಂಕುಮ ಇಟ್ಟು, ಮತ್ತೆ ಕೂರಿಸಿ, ಮಂಗಳಾರತಿ ಮಾಡಿದೆ."

ಗಂಧ. ತೇಯ್ದು. ಸ್ಲಾಟಿನೊಳಗೆ.

ನಂಗೆ ಮೊದಲು ನಗು ಬಂತು, ಆಮೇಲೆ ಅಳು, ಎರಡನ್ನೂ ನೂಕಿಕೊಂಡು ಸಿಟ್ಟು ಮುಂದೆ ಬಂತು. "ಅಯ್ಯೋ ಮಾವ! ಅದು ಲೇತಲ್ಲ! ಅದರೊಳಗೆ ಕೂದಲೆಳೆ ಥರ ಪಿನ್ನು ಇರ್ತವೆ. ಗಂಧ ಒಣಗಿ ಗಾರೆ ಆಗಿರುತ್ತೆ! ನಿನ್ನೆ ಇಡೀ ದಿನ ಆ ನವೀನನ ಹತ್ರ ಹೆಣಗಾಡಿ ಸತ್ತೆ. ಬೋರ್ಡು ಹೋಗಿದೆ, ಪ್ರೊಸೆಸರ್ ಬೇಕು, ಎಲ್ಲಾ ಎಸೆದು ಹೊಸದು ತಗೋ ಅಂದ. ಯಾಕೆ ಮಾವ? ಯಾಕೆ ಮುಟ್ಟಿದ್ರಿ?"

ಮಾವನ ಮುಖ ಇಳೀತು. "ಪ್ರತಿ ವರ್ಷ ನನ್ನ ಸ್ಕೂಟರಿಗೆ ಪೂಜೆ ಮಾಡಿ ಕೂರ್ತೀನಿ. ಅದು ಓಡಲ್ಲ, ನಾನೂ ಓಡಿಸಲ್ಲ. ಈ ಸಲ ನಿಮ್ಮ ಮನೆಯೆಲ್ಲ ಸುತ್ತಿ ನೋಡಿದೆ. ಮನೇಲಿ ದುಡಿಯೋ ಮಿಷನ್ ಅಂತ ಇದ್ದಿದ್ದು ಅದೊಂದೇ."

ಆ ಮಾತು ಕೇಳಿ ಇನ್ನೊಂದು ಸಲ ಸಿಟ್ಟು ಬಂತು. ಈ ಸಲದ ಸಿಟ್ಟೇ ಬೇರೆ.

"ದುಡಿಯೋ ಮಿಷನ್ನು. ಗೊತ್ತಿದೆ ನಿಮಗೆ. ಆ ಮಿಷನ್ ತಾನಾಗೇ ದುಡಿಯುತ್ತಾ ಮಾವ? ಅದಕ್ಕೆ ಗಂಧ, ಕುಂಕುಮ, ಮಂಗಳಾರತಿ. ನಡೆಸೋಳು ಮಾತ್ರ 'ಮನೇಲಿದ್ದಾಳೆ'. ಅವಳು ಕೂರೋ ರೂಮು ಖಾಲಿ!"

ಹೇಳಿ ನಾನೇ ಗಾಬರಿ ಆದೆ. ಮದುವೆ ಆಗಿ ಇಷ್ಟು ವರ್ಷದಲ್ಲಿ ಮಾವನ ಎದುರು ಅಷ್ಟು ಜೋರಾಗಿ ಮಾತಾಡಿದವಳಲ್ಲ. ಮಾವ ಕುಕ್ಕರ್ ಹಿಡಿಯನ್ನ ಅಲ್ಲೇ ಬಿಟ್ಟು ಎದ್ದು ಒಳಗೆ ಹೋದ್ರು. ಮುನಿಸಿಕೊಂಡ್ರು ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ಇಸ್ತ್ರಿ ಶರ್ಟು ಹಾಕ್ಕೊಂಡು, ಟಾರ್ಚು, ಒಂದು ಸಣ್ಣ ಬ್ರಷ್ಷು ಕೈಚೀಲಕ್ಕೆ ಹಾಕ್ಕೊಂಡು ಬಂದ್ರು.

"ನಡಿ," ಅಂದ್ರು.

"ಚೀಲದಲ್ಲಿ ಎಣ್ಣೆ ಇಲ್ಲ ತಾನೆ?"

ಮಾವ ಚೀಲದಿಂದ ಮಿಷನ್ ಎಣ್ಣೆಯ ಡಬ್ಬಿ ತೆಗೆದು ಜಗಲಿ ಮೇಲಿಟ್ರು.

ಬಸ್ಸಲ್ಲಿ ಶಿವಮೊಗ್ಗದ ತನಕ ಮಾವ ಕಿಟಕಿ ಆಚೆ ನೋಡ್ತಾ ಕೂತಿದ್ರು. ಬಸ್ ಸ್ಟ್ಯಾಂಡಿಂದ ಆಟೋದಲ್ಲಿ ನವೀನನ ಅಂಗಡಿಗೆ ಹೋಗಿ, ಬೋರ್ಡ್ ತೊಳೆಯೋ ಸ್ಪಿರಿಟ್ ಒಂದು ಬಾಟಲಿ ತಗೊಂಡೆ. "ಹೊಸ ಸಿಸ್ಟಮ್ ಯಾವಾಗ ಅಕ್ಕ?" ಅಂದ. ನಾನು ನೋಡಿದ ನೋಟಕ್ಕೆ ಮೊಬೈಲ್ ಹಿಡ್ಕೊಂಡು ತಿರುಗಿ ಕೂತ.

ಮನೇಲಿ ಡಬ್ಬಿ ಮಲಗಿಸಿ ಬಿಚ್ಚಿದೆ. ಮಾವ ಟಾರ್ಚು ಹಿಡಿದ್ರು. ಕಪ್ಪು ಸ್ಲಾಟಿನ ತಳದಲ್ಲಿ ಗಂಧ ಒಣಗಿ ಬಿರುಕು ಬಿಟ್ಟಿತ್ತು, ಅದರ ಮಧ್ಯೆ ಅಲ್ಲಲ್ಲಿ ಕೆಂಪು. ನವೀನನ ಹೊಸ ಕಾರ್ಡು ಅದನ್ನ ಇನ್ನೂ ಒಳಕ್ಕೆ ಜಡಿದಿತ್ತು. ಆದ್ರೂ ಆ ತುದಿಯಿಂದ ಈ ತುದಿಗೆ ಒಂದೇ ಸಮ ಹಚ್ಚಿದ್ದು ಗೊತ್ತಾಗ್ತಿತ್ತು. ಕಾಟಾಚಾರಕ್ಕೆ ಹಚ್ಚಿದ್ದಲ್ಲ.

ಸ್ಪಿರಿಟ್ ಬಿಟ್ಟು ಬ್ರಷ್ಷಿನಿಂದ ಮೆತ್ತಗೆ ಎಬ್ಬಿಸಿದೆ. ಬೆನ್ನು ಬಿದ್ದುಹೋಯ್ತು. ಒಂದು ಸಲ ಮಾವ ಬ್ರಷ್ಷಿಗೆ ಕೈ ಚಾಚಿದ್ರು. "ಬೇಡ ಮಾವ," ಅಂದೆ. ಕೈ ಹಿಂದಕ್ಕೆ ತಗೊಂಡು ಟಾರ್ಚು ಇನ್ನೂ ಹತ್ತಿರ ಹಿಡಿದ್ರು. ರೂಮೆಲ್ಲ ಸ್ಪಿರಿಟ್ಟೂ ಶ್ರೀಗಂಧವೂ ಸೇರಿ ಆಸ್ಪತ್ರೇಲಿ ಸತ್ಯನಾರಾಯಣ ಪೂಜೆ ಮಾಡಿದ ಹಾಗೆ ನಾತ. ಫ್ಯಾನ್ ಹಾಕಿ ಪೂರ್ತಿ ಒಣಗೋಕೆ ಬಿಟ್ಟು, ಹಳೇ ಕಾರ್ಡು ಕೂರಿಸಿದೆ. ಟಕ್ ಅಂತು.

"ಅದೇ ಸದ್ದು," ಅಂದ್ರು ಮಾವ ಮೆಲ್ಲಗೆ.

ಆನ್ ಮಾಡಿದೆ. ಒಂದೇ ಒಂದು ಗಿಡ್ಡ ಬೀಪು. ಪರದೆ ಬೆಳಗಿತು. ವಿಡಿಯೋ ತೆರೆದೆ. ಆರ್ಮುಗಂ ಅವರ ಮಗ ಭದ್ರಾ ಹಿನ್ನೀರಿನ ಎದುರು ಕೋಟು ಹಾಕ್ಕೊಂಡು ನಿಂತಿದ್ದ, ನಾನು ಬಿಟ್ಟುಹೋದ ಜಾಗದಲ್ಲೇ. ಹೋಗಿ ಅವನನ್ನ ತಬ್ಬಿಕೊಳ್ಳೋಣ ಅನ್ನಿಸ್ತು. ಆದ್ರೆ ಹೊತ್ತಿರಲಿಲ್ಲ. ಎರಡು ದಿನದ ಕೆಲಸ ಬಾಕಿ. ಹೆಡ್‌ಫೋನ್ ಹಾಕ್ಕೊಂಡು ಕೂತೆ.

ಮಾವ ಊರಿಗೆ ಹೋಗ್ತೀನಿ ಅನ್ನಲಿಲ್ಲ. ಹಾಲ್‌ನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲ ಹತ್ತಿರ ಹಾಕ್ಕೊಂಡ್ರು. ಹುಡುಗಿ ನಗೋದನ್ನ ನಾನು ಹಿಂದಕ್ಕೆ ತಂದೆ, ಮುಂದಕ್ಕೆ ತಂದೆ, ಕತ್ತರಿಸಿದೆ, ಮತ್ತೆ ಜೋಡಿಸಿದೆ. ಹಳದಿಯಾಗಿದ್ದ ಆಕಾಶಕ್ಕೆ ನೀಲಿ ಕೊಟ್ಟೆ. ನಾದಸ್ವರ ಒಂದು ಚೂರು ಬೇಗ ಶುರುವಾಗ್ತಿತ್ತು, ಎಳೆದು ಸರಿಮಾಡಿದೆ. ಯಾವಾಗಲೋ ಒಂದು ಸಲ ಹಿಂದೆ ಬೆನ್ನಿಗೆ ಯಾರೋ ಬಂದ ಹಾಗಾಯ್ತು. ಭುಜಕ್ಕೆ ತಟ್ಟು ಬೀಳುತ್ತೆ ಅಂತ ಕಾದೆ. ಬೀಳಲಿಲ್ಲ. ಸುಮ್ಮನೆ ನಿಂತು ನೋಡಿ ಕುರ್ಚಿಗೆ ವಾಪಸ್ ಹೋದ್ರು.

ಸಂಜೆ ಬ್ಯಾಂಕಿಂದ ಸುದೀಪ್ ಬಂದ್ರು. ಹಾಡಿನ ಮಧ್ಯೆ ಹೆಡ್‌ಫೋನ್ ಒಂದು ಕಿವಿಯಿಂದ ಜಾರಿತ್ತು, ಅವರ ಮಾತು ಕೇಳಿಸ್ತು. "ಅಪ್ಪಾ, ನೀವ್ಯಾವಾಗ ಬಂದ್ರಿ? ಏ ಸುಶ್ಮಿತಾ, ಸರಿ ಆಯ್ತಾ? ಸರಿ, ಬಾ, ಕಾಫಿ ಮಾ..."

"ಶ್!" ಅಂದ್ರು ಮಾವ. ಕುರ್ಚಿ ಸರಿದ ಸದ್ದಾಯ್ತು, ಎದ್ದು ಬಾಗಿಲಿಗೆ ಅಡ್ಡ ನಿಂತ್ರು ಅಂತ ಗೊತ್ತಾಯ್ತು. "ಮಾತಾಡಿಸಬೇಡ. ಆಪರೇಟರ್ ಮಿಷನ್ ಮೇಲಿದ್ದಾಳೆ."

"ಏನು?" ಅಂದ್ರು ಸುದೀಪ್.

"ಹೋಗು, ಕಾಫಿ ನೀನೇ ಮಾಡು. ಮೂರು ಲೋಟ. ಹಾಗೇ ಅನುಷಾಗೆ ಫೋನ್ ಮಾಡಿ ಹೇಳು, ಅವಳ ಮಂಚ ನಿಮ್ಮಿಬ್ಬರ ರೂಮಿಗೆ ಅಂತ. ನೀವಿಬ್ಬರೂ ಹಾಲ್‌ನಲ್ಲಿ ಮಲಗಿ, ಬೇಕಾದ್ರೆ ಟೀವಿ ತೆಗೆದು ಜಾಗ ಮಾಡ್ಕೊಳ್ಳಿ. ಈ ರೂಮು ಖಾಲಿ ಇಲ್ಲ."

ನಾನು ತಿರುಗಲಿಲ್ಲ. ತಿರುಗಿದ್ರೆ ಅತ್ತುಬಿಡ್ತಿದ್ದೆ, ಹುಡುಗಿ ನಗೋ ಜಾಗದಲ್ಲಿ ಕಟ್ ತಪ್ಪಿಹೋಗ್ತಿತ್ತು. ಹೆಡ್‌ಫೋನನ್ನ ಮತ್ತೆ ಎರಡೂ ಕಿವಿಗೆ ಸರಿಯಾಗಿ ಏರಿಸಿಕೊಂಡೆ.